ಕರಾಳಕೇತುವಿನ ಮಣೆ ಆಡಿದವರು ಏನೆಂದರು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಮಣಿಕುಂತಲವೆಂಬ ಒಂದು ರಾಜ್ಯವಿತ್ತು. ಆ ರಾಜ್ಯದವರದ್ದು ಒಂದು ವಿಚಿತ್ರ ಪದ್ಧತಿ. ಹೊಸ ಹಾಡಾಗಲಿ, ಹೊಸ ಬಗೆಯ ಹೋಳಿಗೆಯಾಗಲಿ, ಮೂವರ ಅಭಿಪ್ರಾಯ ಬರುವ ತನಕ ಅದಕ್ಕೆ ರಾಜಮುದ್ರೆ ಬೀಳುತ್ತಿರಲಿಲ್ಲ. ಹೊಗಳುವವರೊಬ್ಬರು, ತೆಗಳುವವರೊಬ್ಬರು, ಯಾವುದನ್ನೂ ಹೇಳಲಾಗದೆ ತಲೆ ಕೆರೆದುಕೊಳ್ಳುವವರೊಬ್ಬರು. ಈ ಮೂವರನ್ನು ಹುಡುಕಿ, ಅವರ ಮಾತನ್ನು ಇದ್ದ ಹಾಗೆಯೇ ತಂದು ಒಪ್ಪಿಸುವವರಿಗೆ ಕೇಳುಗರೆಂದು ಹೆಸರು. ಅದೇನು ಮಹಾ ಕೆಲಸ ಅಂದುಕೊಂಡಿರಾ? ನಡುವೆ ಬಾಯಿ ಹಾಕದೆ ಒಬ್ಬರ ಮಾತು ಪೂರ್ತಿ ಕೇಳುವುದು ಎಷ್ಟು ಕಷ್ಟವೆಂದು ನಿಮ್ಮ ಮನೆಯಲ್ಲೇ ಒಮ್ಮೆ ಪ್ರಯತ್ನಿಸಿ ನೋಡಿ.

ಒಂದು ದಿನ ಆ ರಾಜ್ಯದ ಗಡಿಯಲ್ಲಿ ಕರಾಳಕೇತುವೆಂಬ ಮಾಂತ್ರಿಕ ಬಂದು ನೆಲೆಸಿದ. ಅವನ ಹತ್ತಿರ ಮಂಚದಷ್ಟು ಅಗಲದ ಒಂದು ಮಣೆ ಇತ್ತು. ಮಣೆಯ ಮೇಲೆ ನಿಜವಾದ ಬೆಟ್ಟ, ನಿಜವಾದ ಹೊಳೆ, ನಿಜವಾದ ಕಾಡು. ಅದರಲ್ಲಿ ಹೆಬ್ಬೆರಳಿನಷ್ಟು ಎತ್ತರದ ಜೀವಂತ ಮನುಷ್ಯರು. ಎರಡು ಬದಿಯಲ್ಲಿ ಇಬ್ಬರು ಕೂತು ಆಡಬೇಕು. ನಾಗರು, ಗರುಡರು, ಯಕ್ಷರು, ಈ ಮೂರರಲ್ಲಿ ಒಂದು ಪಕ್ಷ ಆರಿಸಿಕೊಳ್ಳಬೇಕು. ಪುಟ್ಟವರು ಕಾಡಿನಲ್ಲಿ ಸೌದೆ ಕಡಿದು ತಮ್ಮ ಪಕ್ಷದ ಹೋಮಕುಂಡಕ್ಕೆ ಹೊರುತ್ತಾರೆ. ಬೆಂಕಿ ಮೇಲೆದ್ದಷ್ಟೂ ಆ ಪಕ್ಷದ ದೇವರಿಗೆ ಸಂತೋಷ. ಸಂತೋಷವಾದರೆ ದೇವರು ಗಂಡಭೇರುಂಡವನ್ನೋ ಯಾಳಿಯನ್ನೋ ಬೆಂಕಿ ಉಗುಳುವ ಮಕರವನ್ನೋ ಯುದ್ಧಕ್ಕೆ ಕಳಿಸುತ್ತಾನೆ. ಈ ಆಟದಲ್ಲಿ ನಿನ್ನ ಸರದಿ, ನನ್ನ ಸರದಿ ಎಂಬುದೇ ಇಲ್ಲ. ಎಲ್ಲವೂ ಒಟ್ಟಿಗೇ ನಡೆಯುತ್ತದೆ. ನೀವು ಮೂಗು ಒರೆಸಿಕೊಳ್ಳುವಷ್ಟರಲ್ಲಿ ನಿಮ್ಮ ಕೋಟೆ ಬಿದ್ದಿರುತ್ತದೆ.

"ಮನೆಗೊಂದು ಮಣೆ ಇಡಿಸಲು ಅಪ್ಪಣೆ ಕೊಡಿ, ಮಹಾರಾಜಾ," ಎಂದು ಕರಾಳಕೇತು ಓಲೆ ಕಳಿಸಿದ. ರಾಜ ರತ್ನಮೌಳಿ ಪದ್ಧತಿಯಂತೆ ತನ್ನ ಕೇಳುಗ ಬೊಮ್ಮರಸನನ್ನು ಕಳಿಸಿದ. ಬೊಮ್ಮರಸ ಹೋದವನು ಬರಲಿಲ್ಲ. ಒಂದು ತಿಂಗಳು ಕಳೆಯಿತು, ಎರಡು ಕಳೆಯಿತು. ಕೊನೆಗೆ ಗಡಿಯ ದನಗಾಹಿಗಳು ಸುದ್ದಿ ತಂದರು: ಕರಾಳಕೇತುವಿನೊಡನೆ ಆಡಿ ಸೋತವರು ಹೆಬ್ಬೆರಳಿನಷ್ಟಾಗಿ ಮಣೆಯೊಳಗೆ ಸೇರಿಹೋಗುತ್ತಾರಂತೆ, ಬೊಮ್ಮರಸನೂ ಹಾಗೆಯೇ ಸೇರಿಹೋದನಂತೆ.

ಬೊಮ್ಮರಸನಿಗೆ ಕೇದಗೆ ಎಂಬ ತಂಗಿಯಿದ್ದಳು. ತಾಯಿತಂದೆ ಇಲ್ಲದ ಅವಳನ್ನು ಸಾಕಿದವನು, ಕೇಳುಗರ ಕೆಲಸ ಕಲಿಸಿದವನು ಅವನೇ. ಸುದ್ದಿ ಕೇಳಿ ಅವಳು ಅತ್ತಳು. ಅತ್ತು ಮುಗಿದ ಮೇಲೆ ಮುಖ ತೊಳೆದುಕೊಂಡು ರಾಜನ ಮುಂದೆ ಹೋಗಿ ನಿಂತಳು.

"ಮಹಾರಾಜಾ, ಅಣ್ಣ ಬಿಟ್ಟ ಕೆಲಸ ನಾನು ಮುಗಿಸುತ್ತೇನೆ. ಮೂವರ ಮಾತು ತರುತ್ತೇನೆ. ಅಣ್ಣನನ್ನೂ ತರುತ್ತೇನೆ."

"ಮಗಳೇ, ಅವನು ಮಾಂತ್ರಿಕ. ಹುಷಾರು," ಎಂದ ರಾಜ.

"ಅವನು ಹೇಗೆ ಆಡುತ್ತಾನೋ ನನಗೆ ಗೊತ್ತಿಲ್ಲ. ಆಡಿದವರನ್ನು ಕೇಳಿದರೆ ಗೊತ್ತಾಗುತ್ತದೆ," ಎಂದು ಕೇದಗೆ ಹೊರಟಳು.

ಹೊಗಳುವವನು ಮೊದಲು ಸಿಕ್ಕಿದ. ಅವನು ಮುದಿ ಸೇನಾಪತಿ ಗಜಾಂಕುಶ. ಊರಿನ ಗೆಳೆಯರೊಡನೆ ಆ ಮಣೆಯಲ್ಲಿ ನೂರು ಸಲ ಆಡಿದವನು. ಅವನ ಮನೆಯಲ್ಲಿ ಒಂದು ಮಾಯದ ಪೀಠವಿತ್ತು. ಅತಿಥಿಗಳು ಅದರ ಮೇಲೆ ಕೂತು ಅವನ ಮಾತು ಕೇಳಬೇಕು. ಆಕಳಿಸಿದರೋ, ಪೀಠ ಅವರನ್ನು ಬಾಗಿಲಾಚೆಯ ಕೆಸರಿಗೆ ಎಸೆಯುತ್ತಿತ್ತು. ಕೆಸರಿನಲ್ಲಿ ಆಗಲೇ ನಾಲ್ವರು ಕೂತಿದ್ದರು.

ಕೇದಗೆ ಮೂರು ಹಗಲು ಕೂತು ಕೇಳಿದಳು. ನಲವತ್ತೆರಡು ಯುದ್ಧಗಳ ವರ್ಣನೆ ಕೇಳಿದಳು. ಆಕಳಿಸಲಿಲ್ಲ. ಏಕೆಂದರೆ ಅವಳಿಗೆ ನಿಜವಾಗಿಯೂ ಕುತೂಹಲವಿತ್ತು.

"ಅಂಥ ಆಟ ಮೂರು ಲೋಕದಲ್ಲಿ ಇಲ್ಲ ಕಣಮ್ಮಾ!" ಎಂದ ಸೇನಾಪತಿ. "ನಿಜವಾದ ಸೈನಿಕರಿಗೆ ಒಂದು ಹೇಳಿದರೆ ಇನ್ನೊಂದು ಮಾಡುತ್ತಾರೆ. ಈ ಪುಟ್ಟವರು ಹಾಗಲ್ಲ. ನಮ್ಮ ಪಕ್ಷದವರು ನಾವು ಏನು ಹೇಳಿದರೂ ಮಾಡುತ್ತಾರೆ. ಒಂದು ಸಲ ಸಿಟ್ಟಿನಲ್ಲಿ 'ಹೋಗಿ ಕುಣೀರಿ' ಅಂದುಬಿಟ್ಟೆ. ಯುದ್ಧದ ನಡುವೆ ಇಡೀ ಪಡೆ ಕುಣಿಯಿತು! ಸೋತೆ, ಆದರೆ ಏನು ಕುಣಿದರು ಅಂತೀಯಾ!"

ಎರಡನೆಯದು ತೆಗಳುವವನ ಮಾತು. ಕರಿಗುಹೆಯಲ್ಲಿ ಏಳು ಹೆಡೆಯ ಸರ್ಪವೊಂದಿತ್ತು. ಕರಾಳಕೇತುವಿನೊಡನೆ ಆಡಿ ಸೋತೂ ಮಣೆಯೊಳಗೆ ಹೋಗದೆ ಉಳಿದದ್ದು ಅದೊಂದೇ. ಏಳು ಹೆಡೆಗೆ ಏಳು ಮಂತ್ರ ಬೇಕಿತ್ತು, ಮಾಂತ್ರಿಕನಿಗೆ ಬರುತ್ತಿದ್ದದ್ದು ಒಂದೇ. ಗುಹೆಗೆ ಬಂದವರು ಯಾವ ಹೆಡೆಯನ್ನು ಮೊದಲು ಮಾತಾಡಿಸಿದರೂ ಉಳಿದ ಆರಕ್ಕೆ ಕೋಪ ಬರುತ್ತಿತ್ತು. ಕೋಪ ಬಂದರೆ ಬಂದವರನ್ನು ನುಂಗಿಬಿಡುತ್ತಿದ್ದವು.

ಕೇದಗೆ ಬಾಗಿಲಲ್ಲಿ ನಿಂತು ಕೈಮುಗಿದಳು. "ನಿಮ್ಮಲ್ಲಿ ತಪ್ಪು ಹುಡುಕುವುದರಲ್ಲಿ ಯಾರು ಹೆಚ್ಚು ಜಾಣರು ಎಂದು ನನಗೆ ತಿಳಿಯದು. ಅವರೇ ಮೊದಲು ಮಾತಾಡಲಿ," ಎಂದು ಕಲ್ಲಿನ ಮೇಲೆ ಕೂತುಕೊಂಡಳು.

ಏಳೂ ಹೆಡೆಗಳು ಒಟ್ಟಿಗೇ ಶುರುಮಾಡಿದವು.

"ಗರುಡಪಕ್ಷಕ್ಕೆ ಬಲ ಜಾಸ್ತಿ ಕೊಟ್ಟಿದ್ದಾನೆ. ಹಾರುವವರನ್ನು ತೆವಳುವವರು ಹಿಡಿಯುವುದು ಹೇಗೆ?"

"ಗರುಡರದ್ದೇನೂ ತಪ್ಪಿಲ್ಲ. ನಿನಗೆ ಆಡಲು ಬರುವುದಿಲ್ಲ, ಅಷ್ಟೇ."

"ನಾಗರ ಹೆಡೆ ಅಷ್ಟು ಸಣ್ಣದಿರುತ್ತದಾ? ಮಾಡಿದವನು ಹಾವನ್ನೇ ನೋಡಿಲ್ಲ."

"ಯಾಳಿ ಬರುವಷ್ಟರಲ್ಲಿ ಆಟವೇ ಮುಗಿದಿರುತ್ತದೆ."

"ನಾನು ಎಡಕ್ಕೆ ಅಂದೆ, ನೀನು ಬಲಕ್ಕೆ ಅಂದೆ. ಸೋತದ್ದು ನಿನ್ನಿಂದಲೇ!"

ಮಧ್ಯಾಹ್ನದ ಹೊತ್ತಿಗೆ ಆರು ಹೆಡೆಗಳು ಕೂಗಿ ಕೂಗಿ ಸುಸ್ತಾಗಿ ನೆಲಕ್ಕೊರಗಿದವು. ಆಗ ಎಲ್ಲಕ್ಕಿಂತ ಸಣ್ಣ ಹೆಡೆ ಮೆಲ್ಲಗೆ ಮಾತಾಡಿತು.

"ಇವರೆಲ್ಲ ಯುದ್ಧ ನೋಡುತ್ತಿದ್ದರು ತಾಯಿ. ಆ ಮಾಂತ್ರಿಕನೂ ಅಷ್ಟೇ, ಯುದ್ಧದಿಂದ ಕಣ್ಣು ತೆಗೆಯುವುದಿಲ್ಲ. ನನಗೆ ಮಾತ್ರ ಕಾಡು ಕಾಣುತ್ತಿತ್ತು. ಎರಡೂ ಪಕ್ಷಕ್ಕೆ ಇರುವುದು ಒಂದೇ ಕಾಡು. ಸೌದೆಯವರು ಅಲ್ಲಿ ಪಕ್ಕಪಕ್ಕ ನಿಂತು ಕಡಿಯುತ್ತಾರೆ. ಜಗಳವಿಲ್ಲ. ಇವರ ಕಾಲಿಗೆ ಮುಳ್ಳು ಚುಚ್ಚಿದರೆ ಅವರು ಕೂತು ತೆಗೆಯುತ್ತಾರೆ. ಅಷ್ಟು ಚೆಂದದ್ದನ್ನು ನೋಡಲು ಆಟ ನಮಗೆ ಬಿಡುವೇ ಕೊಡುವುದಿಲ್ಲ. ಅದೇ ಅದರ ದೊಡ್ಡ ತಪ್ಪು."

ಇನ್ನು ಉಳಿದದ್ದು ತಲೆ ಕೆರೆದುಕೊಳ್ಳುವವರು. ಅಂಥವರನ್ನು ಹುಡುಕುವುದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅವರು ಬಾಯಿ ಬಿಡುವುದೇ ಇಲ್ಲ. ಕೇದಗೆ ವಾರಗಟ್ಟಲೆ ನಡೆದು, ಒಂದು ದೊಡ್ಡ ಇಪ್ಪೆಮರದ ಪೊಟರೆಯಲ್ಲಿ ಹಿಂಗುಲೆ ಎಂಬ ಯಕ್ಷಿಯನ್ನು ಕಂಡಳು. ಮರದ ಸುತ್ತ ಹತ್ತಾರು ಕಪ್ಪೆಗಳು ವಟಗುಟ್ಟುತ್ತಿದ್ದವು. ಹಿಂಗುಲೆಯನ್ನು ಯಾರಾದರೂ ಪ್ರಶ್ನೆ ಕೇಳಿದರೆ ಕೂಡಲೇ ಕಪ್ಪೆಯಾಗುತ್ತಿದ್ದರು. ಕೇಳುವುದೇ ಕಸುಬಾದವಳಿಗೆ ಎಂಥ ಪರೀಕ್ಷೆ ನೋಡಿ!

ಯಕ್ಷಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಕೇದಗೆ ಏನೂ ಕೇಳಲಿಲ್ಲ. ಎದುರು ಕೂತು ತಾನೂ ಬೀಜ ತೆಗೆಯತೊಡಗಿದಳು. ಒಂದು ಬುಟ್ಟಿ ಮುಗಿಯಿತು. ಎರಡು ಮುಗಿಯಿತು. ಮೂರನೆಯ ಬುಟ್ಟಿಗೆ ಯಕ್ಷಿಗೆ ತಡೆಯಲಾಗಲಿಲ್ಲ.

"ಆ ಮಾಂತ್ರಿಕ ಈ ಗಡಿಗೆ ಬರುವ ಮೊದಲೇ ನಾನೂ ನನ್ನ ಗಂಡನೂ ಆ ಮಣೆ ಆಡಿದೆವು ಗೊತ್ತಾ?" ಎಂದಳು. "ಅವನು ಗೋಡೆ ಕಟ್ಟಿದ. ನಾನೂ ಕಟ್ಟಿದೆ. ಅವನು ಇನ್ನೊಂದು ಕಟ್ಟಿದ. ನಾನೂ ಕಟ್ಟಿದೆ. ಹನ್ನೆರಡು ವರ್ಷ ಹೀಗೇ ಆಯಿತು. ಯಾರೂ ಯಾರ ಮೇಲೂ ದಾಳಿ ಮಾಡಲಿಲ್ಲ. ಆಮೇಲೆ ಹಸಿವಾಯಿತು, ಇಬ್ಬರೂ ಎದ್ದೆವು. ಬಾಗಿಲು ದಾಟುವಾಗ ಟಕ್ ಟಕ್ ಅಂತ ಸದ್ದು. ತಿರುಗಿ ನೋಡಿದರೆ, ಆ ಪುಟ್ಟವರು ಇನ್ನೂ ಮರ ಕಡಿಯುತ್ತಿದ್ದಾರೆ! ನಾವು ಆಟ ಬಿಟ್ಟು ಎದ್ದಿದ್ದೇವೆ, ಅವರಿಗೆ ಯಾರೂ ಸಾಕು ಅಂದಿಲ್ಲ. ಆ ಆಟ ಚೆನ್ನಾಗಿತ್ತು ಅನ್ನಲೋ, ಕೆಟ್ಟದ್ದು ಅನ್ನಲೋ, ಇವತ್ತಿಗೂ ನನಗೆ ಬಗೆಹರಿದಿಲ್ಲ." ಹೀಗೆಂದು ಯಕ್ಷಿ ಬರಬರನೆ ತಲೆ ಕೆರೆದುಕೊಂಡಳು.

ಕೇದಗೆ ಬುಟ್ಟಿ ಬದಿಗಿಟ್ಟು ಎದ್ದಳು. ಹಾಗಾದರೆ ಅಣ್ಣ ಈ ಹೊತ್ತಿಗೂ ಕೊಡಲಿ ಬೀಸುತ್ತಿದ್ದಾನೆ. ಅವಳು ಒಂದು ಕ್ಷಣವೂ ನಿಲ್ಲದೆ ಕರಾಳಕೇತುವಿನ ಮನೆಗೆ ನಡೆದಳು.

ಮಾಂತ್ರಿಕ ಬಾಗಿಲಿಗೇ ಓಡಿಬಂದ. "ಏನಂದರು? ಏನಂದರು ನನ್ನ ಆಟಕ್ಕೆ? ಹೊಗಳಿದರಾ?" ಅಷ್ಟು ದೊಡ್ಡ ಮಾಂತ್ರಿಕನಾದರೂ ನಾಲ್ಕು ಒಳ್ಳೆಯ ಮಾತಿಗೆ ಬಾಯಿ ಬಿಡುತ್ತಿದ್ದ, ಪಾಪ.

"ರಾಜನಿಗೆ ಒಪ್ಪಿಸಿದ ಮೇಲೆ ಎಲ್ಲರಿಗೂ ತಿಳಿಯುತ್ತದೆ," ಎಂದಳು ಕೇದಗೆ. "ಈಗ ನಾನು ಆಡಲು ಬಂದಿದ್ದೇನೆ. ಗೆದ್ದರೆ ನನ್ನ ಅಣ್ಣನನ್ನು ಬಿಡಬೇಕು."

"ಅಣ್ಣನೊಬ್ಬನೇ ಯಾಕೆ? ಗೆದ್ದರೆ ಎಲ್ಲರನ್ನೂ ಬಿಡುತ್ತೇನೆ. ಸೋತರೆ ನೀನೂ ಅವನ ಪಕ್ಕದಲ್ಲೇ ಸೌದೆ ಕಡಿಯುವೆಯಂತೆ," ಎಂದು ಕರಾಳಕೇತು ನಕ್ಕು ಗರುಡಪಕ್ಷವನ್ನು ಆರಿಸಿಕೊಂಡ. ಕೇದಗೆ ನಾಗಪಕ್ಷವನ್ನು ಆರಿಸಿಕೊಂಡಳು.

ಮಣೆಯ ಮೇಲೆ ಬಗ್ಗಿ ನೋಡಿದಾಗ ಅವಳಿಗೆ ಅಣ್ಣ ಕಂಡ. ಹೆಬ್ಬೆರಳಿನಷ್ಟು ಎತ್ತರ, ತಲೆಗೆ ಸುತ್ತಿದ ಅದೇ ಹಳದಿ ರುಮಾಲು. ಅವನು ಇದ್ದದ್ದು ಗರುಡಪಕ್ಷದಲ್ಲಿ. ಕೇದಗೆ ಏನು ಹೇಳಿದರೂ ಅವನು ಕೇಳುವಂತಿರಲಿಲ್ಲ. ಅವಳಿಗೆ ಅಳು ಬಂತು, ತಡೆದುಕೊಂಡಳು.

ಆಟ ಶುರುವಾಯಿತು. ಕರಾಳಕೇತುವಿನ ಹೋಮಕುಂಡ ಧಗಧಗ ಉರಿಯಿತು. ಮೊದಲು ಮಕರ ಬಂದು ಕೇದಗೆಯ ಹೊಳೆ ಕುಡಿಯಿತು. ಆಮೇಲೆ ಯಾಳಿ ಬಂದು ಅವಳ ಹೊರಗೋಡೆ ಒಡೆಯಿತು. ಆಮೇಲೆ ಗಂಡಭೇರುಂಡ ಎರಡು ಕೊಕ್ಕು ತೆರೆದು ಅವಳ ಕೋಟೆಯತ್ತ ಹಾರಿತು. ಮಾಂತ್ರಿಕ ಕಣ್ಣು ಮಿಟುಕಿಸದೆ ಯುದ್ಧವನ್ನೇ ನೋಡುತ್ತ ತೊಡೆ ತಟ್ಟಿದ.

ಕೇದಗೆ ಯುದ್ಧದ ಕಡೆ ನೋಡಲೇ ಇಲ್ಲ. ಕಾಡಿನ ಮೇಲೆ ಬಗ್ಗಿ ತನ್ನ ಪಕ್ಷದವರಿಗೆ ಮೆಲ್ಲಗೆ ಹೇಳಿದಳು: "ಸಾಕು. ಕೊಡಲಿ ಕೆಳಗಿಡಿ. ನಿಮ್ಮ ಪಕ್ಕದಲ್ಲಿ ಕಡಿಯುತ್ತಿರುವವರ ಕೈ ಹಿಡಿದುಕೊಂಡು ಮನೆಗೆ ಹೋಗಿ."

ಅಂಥ ಅಪ್ಪಣೆಯನ್ನು ಅವರು ಎಂದೂ ಕೇಳಿರಲಿಲ್ಲ. ಕ್ಷಣಹೊತ್ತು ಹಾಗೇ ನಿಂತರು. ಆಮೇಲೆ ಒಬ್ಬ ಮುದುಕ ಕೊಡಲಿ ಇಟ್ಟ. ಒಬ್ಬಳು ಹೆಂಗಸು ಇಟ್ಟಳು. ಎಲ್ಲರೂ ಇಟ್ಟರು. ಗರುಡಪಕ್ಷದವರ ಕೈಗಳು ಮಾತ್ರ ಮಾಂತ್ರಿಕನ ಅಪ್ಪಣೆಗೆ ಸಿಕ್ಕಿ ಬೀಸುತ್ತಲೇ ಇದ್ದವು. ನಾಗಪಕ್ಷದವರು ಒಬ್ಬೊಬ್ಬರೂ ಒಬ್ಬೊಬ್ಬರ ಕೈ ಹಿಡಿದು, ಕೊಡಲಿ ಕಸಿದು, ಎಳೆದುಕೊಂಡು ನಡೆದರು. ಬೊಮ್ಮರಸನನ್ನು ಆ ಮುದುಕ ಎಳೆದ. ಬೊಮ್ಮರಸ ಕೊಸರಾಡಿದ. ಮುದುಕ ಬಿಡಲಿಲ್ಲ. ಮಣೆಯ ಅಂಚು ದಾಟಿ ನೆಲಕ್ಕೆ ಕಾಲಿಟ್ಟವರು ಇಟ್ಟಲ್ಲೇ ತಮ್ಮ ಮೊದಲಿನ ಎತ್ತರಕ್ಕೆ ಬೆಳೆದು ನಿಂತರು.

ಗಂಡಭೇರುಂಡದ ಕೊಕ್ಕು ಕೋಟೆಯ ಬಾವುಟಕ್ಕೆ ತಾಗುವುದರಲ್ಲಿತ್ತು. ಆಗ ಹೊಗೆ ಕಾಣಿಸಿತು. ಮೊದಲು ರೆಕ್ಕೆ, ಆಮೇಲೆ ಕೊರಳು, ಆಮೇಲೆ ಎರಡೂ ತಲೆ ಹೊಗೆಯಾಗಿ ಹೋದವು.

"ಸೌದೆ! ಸೌದೆ ಎಲ್ಲಿ?" ಎಂದು ಕರಾಳಕೇತು ಕಿರುಚಿ, ಅಂದೇ ಮೊದಲ ಸಲ ಕಾಡಿನ ಕಡೆ ನೋಡಿದ. ಕಾಡಿನಲ್ಲಿ ಯಾರೂ ಇರಲಿಲ್ಲ. ತಲೆಯೆತ್ತಿದರೆ ಕೋಣೆಯ ತುಂಬ ಜನ. ಹೋಮಕುಂಡ ಆರಿತು. ಅವನ ಮಂತ್ರಶಕ್ತಿ ಇದ್ದದ್ದೂ ಆ ಬೆಂಕಿಯಲ್ಲೇ. ಅವನು ಕುಗ್ಗಿದ, ಇನ್ನೂ ಕುಗ್ಗಿದ, ಹೆಬ್ಬೆರಳಿನಷ್ಟಾಗಿ ಮಣೆಯೊಳಗೆ ಉರುಳಿಬಿದ್ದ. ಬಿದ್ದ ಕೂಡಲೇ ಅವನ ಕೈ ತಾನಾಗಿ ಒಂದು ಕೊಡಲಿ ಎತ್ತಿಕೊಂಡು ಮರ ಕಡಿಯತೊಡಗಿತು.

ಕೇದಗೆ ಬಗ್ಗಿ ಕೇಳಿದಳು: "ಆಟ ಹೇಗಿದೆ, ಸ್ವಾಮಿ?"

ಕರಾಳಕೇತು ಬೆವರು ಒರೆಸಿಕೊಳ್ಳಲೂ ಬಿಡುವಿಲ್ಲದೆ ಮೇಲೆ ನೋಡಿದ. "ಈ ಮರ... ಇಷ್ಟು ದಪ್ಪ ಮಾಡಬಾರದಿತ್ತು," ಎಂದ. ಅಷ್ಟು ಜನವೂ ಗೊಳ್ಳೆಂದು ನಕ್ಕರು. ಕೇದಗೆಗೂ ನಗು ಬಂತು, ಕನಿಕರವೂ ಬಂತು. ಎರಡು ಬೆರಳಿನಲ್ಲಿ ಹಿಡಿದು ಅವನನ್ನು ಮಣೆಯಿಂದ ಆಚೆಗಿಟ್ಟಳು. ಮಂತ್ರ ಮರೆತ ಬರಿಯ ಮನುಷ್ಯನಾಗಿ ಅವನು ಎದ್ದುನಿಂತ. ಮುಂದೆ ಅರಮನೆಯ ಸೌದೆ ಕೊಟ್ಟಿಗೆಯಲ್ಲಿ ಕೆಲಸಕ್ಕೆ ಸೇರಿ, ಸಂಜೆಯಾಗುತ್ತಲೇ ಎಲ್ಲರಿಗಿಂತ ಮೊದಲು ಮನೆಗೆ ಹೋಗುತ್ತಿದ್ದ.

ಕೇದಗೆ ರಾಜನಿಗೆ ಮೂವರ ಮಾತನ್ನೂ ಒಪ್ಪಿಸಿದಳು. ಒಳಗೆ ಜೀವವಿಲ್ಲದ, ಬರಿಯ ಮಣ್ಣಿನ ಗೊಂಬೆಗಳ ಮಣೆಯಾದರೆ ಆಡಬಹುದು ಎಂದು ರಾಜ ಮುದ್ರೆ ಒತ್ತಿದ. ಗರುಡಪಕ್ಷಕ್ಕೆ ಬಲ ಜಾಸ್ತಿಯೇ, ಅಲ್ಲವೇ ಎಂದು ಮಣಿಕುಂತಲದವರು ಕಟ್ಟೆಕಟ್ಟೆಯಲ್ಲಿ ಕೂತು ವಾದಿಸತೊಡಗಿದರು.

ಬೊಮ್ಮರಸ ಮಾತ್ರ ಮನೆಗೆ ಬಂದರೂ ಬಂದವನಂತಿರಲಿಲ್ಲ. ಬಾಗಿಲಲ್ಲೇ ನಿಂತ. ಒಳಗೆ ಬಾ ಅಂದರೆ ಬಂದ. ಕೂತುಕೋ ಅಂದರೆ ಕೂತ. "ಮುಂದೇನು ಮಾಡಲಿ?" ಎಂದು ಕೇಳಿದ. ಮತ್ತೆ ಕೇಳಿದ. ಊಟ ಮಾಡು ಎನ್ನಲು ಕೇದಗೆ ಬಾಯಿ ತೆರೆದವಳು, ಹೇಳದೆ ನಿಲ್ಲಿಸಿದಳು. ಅವನ ಮುಂದೆ ಕೂತು, ಬೊಬ್ಬೆ ಎದ್ದ ಅವನ ಎರಡೂ ಕೈ ಹಿಡಿದುಕೊಂಡಳು.

"ಅಣ್ಣಾ, ನಿನಗೆ ಏನು ಬೇಕು?"

ಅವನಿಗೆ ಅರ್ಥವಾಗಲಿಲ್ಲ. ಅವಳು ಕಾದಳು. ಒಲೆಯ ಮೇಲಿನ ಸಾರು ಕುದಿದು ಉಕ್ಕಿತು, ಆದರೂ ಏಳದೆ ಕಾದಳು. ಬಹಳ ಹೊತ್ತಿನ ಮೇಲೆ ಬೊಮ್ಮರಸ ಬಾಯಿ ಬಿಟ್ಟ.

"ನನಗೆ... ಮಲಗಬೇಕು, ಕೇದಗೀ," ಎಂದ. ಅಂದವನೇ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟ.

ಅವನು ಮೂರು ದಿನ ಮಲಗಿದ. ಆ ಮೂರು ದಿನ ಬೀದಿಯಲ್ಲಿ ಯಾರೂ ಸೌದೆ ಒಡೆಯಲಿಲ್ಲ. ನಾಲ್ಕನೆಯ ದಿನ ಎದ್ದು, ತನಗೆ ಬಿಸಿ ರೊಟ್ಟಿ ಬೇಕೆಂದು ತಾನಾಗಿಯೇ ಕೇಳಿದ. ಅಂದಿನಿಂದ ಅಣ್ಣತಂಗಿಯರೂ, ರಾಜನೂ, ಮಣಿಕುಂತಲದ ಸಮಸ್ತರೂ ಹೊಟ್ಟೆತುಂಬ ಉಂಡು, ಕಣ್ಣುತುಂಬ ನಿದ್ದೆಮಾಡಿ, ಸುಖವಾಗಿ ಬಾಳಿದರು.