ಹದಿನಾಲ್ಕು ಚೀಲ ಬಿಳಿ ಪುಡಿ

2009ರ ಮಾರ್ಚ್ 9, ಸೋಮವಾರ ಬೆಳಿಗ್ಗೆ 8.40ಕ್ಕೆ ವಕೀಲೆ ದೆಲ್ಫೀನಾ ಬೊನ್ಜಾನೊ ಬೊರ್ಗಾಲ್ಬಾ ಊರಿನ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟರು. ಅವರ ಕಚೇರಿಯ ಕಪಾಟಿನಿಂದ ಒಂದು ಹಳೆಯ ರಿಜಿಸ್ಟರ್ ಕಳುವಾಗಿತ್ತು.

ಊರಿನ ಆಸ್ಬೆಸ್ಟಾಸ್ ಶೀಟಿನ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು. ಅಲ್ಲಿನ ಪುಡಿ ಉಸಿರಾಡಿದವರ ಸಾವು ಮಾತ್ರ ನಿಂತಿರಲಿಲ್ಲ. ಊರಲ್ಲಿ ಯಾರಾದರೂ ಕೆಮ್ಮಿದರೆ ಪಕ್ಕದವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು.

ಇನ್ಸ್‌ಪೆಕ್ಟರ್ ಕೊರ್ರಾದೊ ವೌದಾನ್ಯ ಎಫ್‌ಐಆರ್ ಬರೆಸಿಕೊಂಡು, ಆ ಪುಸ್ತಕ ಹೋದರೆ ಯಾರಿಗೆ ನಷ್ಟ ಎಂದು ಕೇಳಿದ. ವಕೀಲೆ ತಮ್ಮ ಕಕ್ಷಿದಾರಳ ಹೆಸರು ಹೇಳಿದರು: ಓರ್ನೆಲ್ಲಾ ರೋಲ್ಫೊ, ನಲವತ್ತೆರಡು ವರ್ಷ, ಶಾಲಾ ಶಿಕ್ಷಕಿ. ಶ್ವಾಸಕೋಶದ ಹೊರಪದರಕ್ಕೆ ಕ್ಯಾನ್ಸರ್. ಕಾರ್ಖಾನೆಯೊಳಗೆ ಕಾಲಿಟ್ಟವಳೇ ಅಲ್ಲ. ದುಡಿದವರಿಗಾದರೆ ಕಾರ್ಮಿಕ ವಿಮೆಯ ದಾರಿಯಿತ್ತು. ಇವಳಿಗೆ ಉಳಿದದ್ದು ಮಾಲೀಕರ ಮೇಲಿನ ದಾವೆ ಒಂದೇ. ಅದಕ್ಕೆ, ಆಸ್ಬೆಸ್ಟಾಸ್ ಪುಡಿ ಕಾರ್ಖಾನೆಯ ಗೇಟು ದಾಟಿ ಹೊರಗೆ ಬಂದಿತ್ತೆಂದು ತೋರಿಸಬೇಕಿತ್ತು.

“ಬದುಕಿರೋವಾಗಲೇ ಅವಳ ಹೇಳಿಕೆ ತಗೊಳ್ಳೋಕೆ ನ್ಯಾಯಾಧೀಶರು ಒಪ್ಪಿದಾರೆ. ಹದಿನೆಂಟನೇ ತಾರೀಕು,” ಎಂದರು ವಕೀಲೆ. “ಅವಳು ಹೋದ್ರೂ ವಾರಸುದಾರರು ಕೇಸು ಮುಂದುವರಿಸಬಹುದು. ಆದ್ರೆ ದಾಖಲೆ ಇಲ್ದೆ ಏನ್ ಮುಂದುವರಿಸ್ತಾರೆ?”

ಬೆಳಿಗ್ಗೆ 10.15ಕ್ಕೆ ಕಚೇರಿಯಲ್ಲಿ ಪಂಚನಾಮೆ ನಡೆಯಿತು. ಬಾಗಿಲಿನ ಬೀಗ ಒಡೆದಿರಲಿಲ್ಲ; ಕಪಾಟಿಗೆ ಬೀಗವೇ ಇರಲಿಲ್ಲ. ಗುರುವಾರವಷ್ಟೇ ಕಾರ್ಖಾನೆಯ ಹಳೆಯ ಉಗ್ರಾಣದಿಂದ ಸಿಕ್ಕಿದ್ದ ಹನ್ನೊಂದು ರಿಜಿಸ್ಟರುಗಳಲ್ಲಿ ಹತ್ತು ಅಲ್ಲೇ ಇದ್ದವು. 1974ರದ್ದು ಇರಲಿಲ್ಲ. ಅವುಗಳನ್ನು ಇನ್ನೂ ಯಾರೂ ಓದಿರಲಿಲ್ಲ, ನಕಲು ತೆಗೆದಿರಲಿಲ್ಲ.

“ಒಂದೇ ತಗೊಂಡಿದಾನೆ. ಅದರಲ್ಲಿ ಏನಿದೆ ಅಂತ ಗೊತ್ತಿದ್ದವನೇ,” ಎಂದಳು ಕಾನ್‌ಸ್ಟೇಬಲ್ ಲಿದಿಯಾ ಸಾರ್ಜೊತ್ತಿ.

ಕಾರ್ಖಾನೆಯ ಹಳೆಯ ಉಗ್ರಾಣಿ ಸೆಕೊಂದೊನನ್ನು ಮಧ್ಯಾಹ್ನ ವಿಚಾರಿಸಿದರು. ಶೀಟು ಕೊಯ್ಯುವಾಗ ಉದುರಿದ ಪುಡಿಯನ್ನು 1974ರಲ್ಲಿ ಕೆಲಸಗಾರರಿಗೆ ಹಂಚಿದ್ದರಂತೆ. ಚಳಿ ತಡೆಯಲೆಂದು ಜನ ಅದನ್ನು ಮನೆಯ ಅಟ್ಟಕ್ಕೆ ಹರವಿಕೊಂಡರಂತೆ.

“ಪುಕ್ಕಟೆ ಕೊಟ್ರೆ ಯಾರ್ ಬಿಡ್ತಾರೆ ಸಾರ್? ಸೈಕಲ್ ಮೇಲೆ ಹೊತ್ಕೊಂಡು ಹೋದ್ರು. ಒಯ್ದೋರೆಲ್ಲ ಆ ರಿಜಿಸ್ಟರಲ್ಲಿ ಸಹಿ ಹಾಕಿದಾರೆ.”

ಕಳೆದ ಶುಕ್ರವಾರ ವಕೀಲೆಯ ಕಚೇರಿಗೆ ಬಂದವರು ಇಬ್ಬರೇ: ಓರ್ನೆಲ್ಲಾ ಮತ್ತು ಅವಳ ತಂದೆ ಒತ್ತಾವಿಯೊ. ಏದುಸಿರು ಬಿಡುತ್ತಿದ್ದ ಅವಳನ್ನು ವಕೀಲೆ ಕೈಹಿಡಿದು ಮೆಟ್ಟಿಲಿಳಿಸಿದ್ದರು. ಮಗಳ ಕೋಟು ತರುತ್ತೇನೆಂದು ಮುದುಕ ಐದು ನಿಮಿಷ ಒಳಗೇ ಉಳಿದಿದ್ದ. ಅವನು ಮೂವತ್ತು ವರ್ಷ ಕಾರ್ಖಾನೆಯ ಶೀಟು ಕೊಯ್ಯುವ ವಿಭಾಗದಲ್ಲಿದ್ದವನು.

ಬುಧವಾರ ಶೋಧನೆಯ ಆದೇಶ ಬಂತು. ಬೆಳಿಗ್ಗೆ 11.20ಕ್ಕೆ ಪೊಲೀಸರು ತಂದೆ ಮಗಳಿದ್ದ ರೋಲ್ಫೊ ಮನೆಗೆ ಹೋದಾಗ ಬಾಗಿಲು ತೆಗೆದದ್ದು ಓರ್ನೆಲ್ಲಾ. ಕೆಳಗಿನ ಕೋಣೆಗಳಲ್ಲಿ ಏನೂ ಸಿಗಲಿಲ್ಲ. ಅಟ್ಟ ಮಾತ್ರ ಉಳಿಯಿತು.

ಆರೋಗ್ಯ ಇಲಾಖೆ ಕಳಿಸಿದ ಬಿಳಿ ಉಡುಪು, ಮುಖವಾಡ ಹಾಕಿಕೊಂಡರೂ ಏಣಿಯ ನಡುವೆ ಲಿದಿಯಾಳ ಕಾಲು ನಿಂತುಬಿಟ್ಟಿತು. ಅವಳ ತಾಯಿ ಕಾರ್ಖಾನೆಯಲ್ಲಿದ್ದ ಗಂಡನ ಕೆಲಸದ ಬಟ್ಟೆ ಒಗೆದೊಗೆದು ಇದೇ ರೋಗದಲ್ಲಿ ಹೋಗಿದ್ದಳು.

“ಇಳಿತೀಯಾ?” ಎಂದು ಕೇಳಿದ ವೌದಾನ್ಯ.

“ಇಲ್ಲ ಸರ್. ಒಂದ್ನಿಮಿಷ ಕೊಡಿ.”

ಅವಳು ಮುಚ್ಚಳ ಎತ್ತಿದಳು. ಟಾರ್ಚಿನ ಬೆಳಕಿನಲ್ಲಿ ಅಟ್ಟದ ಉದ್ದಕ್ಕೂ ಪುಡಿ ಹಾಸಿಕೊಂಡಿತ್ತು, ಮೈದಾ ಹಿಟ್ಟಿನಷ್ಟು ನುಣುಪು. ಅದರ ಮೇಲೆ ಹೊಸ ಹೆಜ್ಜೆಗಳು ಮೂಲೆಗೆ ಹೋಗಿ ಹಿಂತಿರುಗಿದ್ದವು. ತನ್ನ ಉಸಿರಿನ ಸದ್ದಿಗೇ ಬೆಚ್ಚುತ್ತ ಅವಳು ಆ ಮೂಲೆಯ ತನಕ ತೆವಳಿದಳು. ಗೋಣಿತಟ್ಟಿನ ಕೆಳಗೆ ರಿಜಿಸ್ಟರ್ ಇತ್ತು.

ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ ಅಡುಗೆಮನೆಯ ಮೇಜಿನ ಮೇಲಿಟ್ಟರು. ಒತ್ತಾವಿಯೊ ಅತ್ತ ನೋಡಲೇ ಇಲ್ಲ.

“ಸುಟ್ಟು ಹಾಕಬಹುದಿತ್ತಲ್ಲ?” ವೌದಾನ್ಯ ಕೇಳಿದ.

“ಒಲೆ ತನಕ ಹೋಗಿದ್ದೆ. ಅವಳ ಕೇಸು ಅದರಲ್ಲೇ ಇದೆ. ಕೈ ಬರ್ಲಿಲ್ಲ.” ಮುದುಕ ತಲೆಯೆತ್ತಿ, “ಕೋರ್ಟಲ್ಲಿ ಎಲ್ಲರ ಹೆಸರೂ ಓದ್ತಾರಾ?” ಎಂದ.

“ಓದ್ತಾರೆ.”

ಬಾಗಿಲಲ್ಲಿ ಓರ್ನೆಲ್ಲಾ ನಿಂತಿದ್ದಳು. ಅವಳ ಕಣ್ಣು ಏಣಿಯ ಮೇಲಿತ್ತು.

“ಅಪ್ಪಾ, ಅದು ಇಷ್ಟು ದಿನ ನಮ್ಮ ತಲೆ ಮೇಲೇ ಇತ್ತಾ?”

ಮುದುಕ ಅವಳಿಗೆ ಕುರ್ಚಿ ಎಳೆದುಕೊಟ್ಟ. ಮಧ್ಯಾಹ್ನ 12.50ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಆ ಮನೆಯಲ್ಲಿ ಇನ್ನು ಯಾರೂ ಮಲಗಕೂಡದೆಂದು ಆರೋಗ್ಯ ಇಲಾಖೆಯವರು ಬಾಗಿಲಿಗೆ ಮುದ್ರೆ ಹಾಕಿದರು. ಓರ್ನೆಲ್ಲಾ ವಕೀಲೆಯ ಮನೆಗೆ ಹೋದಳು. ಹದಿನೆಂಟರಂದು ಅವಳು ಗಾಲಿಕುರ್ಚಿಯಲ್ಲಿ ಕುಳಿತು ಎರಡು ಗಂಟೆ ಹೇಳಿಕೆ ಕೊಟ್ಟಳು. ರಿಜಿಸ್ಟರನ್ನು ನ್ಯಾಯಾಲಯ ಸಾಕ್ಷ್ಯವಾಗಿ ಸ್ವೀಕರಿಸಿತು.

ಹದಿನಾಲ್ಕು ಚೀಲಕ್ಕೆ ಒತ್ತಾವಿಯೊ ರೋಲ್ಫೊ ಸಹಿ ಹಾಕಿದ್ದು 1974ರ ನವೆಂಬರಿನಲ್ಲಿ. ಕದ್ದ ಕಾರಣ ಕೇಳಿದಾಗ ಅವನು ಬರೆಸಿದ್ದು ಇಷ್ಟು: ಮಗಳಿಗೆ ಆಗ ಏಳು ವರ್ಷ. ಅವಳ ಕೋಣೆ ತುಂಬಾ ತಣ್ಣಗಿರುತ್ತಿತ್ತು. ಅವಳ ಮಂಚದ ನೇರಕ್ಕೆ ಎರಡು ಚೀಲ ಹೆಚ್ಚಿಗೆ ಹರವಿದ್ದೆ.