ಕೊರಡು ತೋರಿಸಿದ ದಾರಿ

ನಿಕಾಂದ್ರೋನ ಚೀಸ್ ಕೋಣೆಯಲ್ಲಿ ಇಬ್ಬರು ಜರ್ಮನ್ನರು ನಿಂತಿದ್ದರು. ಗಂಡ, ಹೆಂಡತಿ. ಬೆನ್ನಿಗೆ ಚೀಲ, ಕೈಯಲ್ಲಿ ಊರುಗೋಲು. ಹಲಗೆಯ ಮೇಲೆ ಸಾಲಾಗಿ ಜೋಡಿಸಿದ್ದ ಚೀಸನ್ನು ಹೆಂಡತಿ ಭಕ್ತಿಯಿಂದ ನೋಡುತ್ತ, “ಇದು ರೋಮನ್ನರ ಕಾಲದ್ದಾ?” ಎಂದು ಕೇಳಿದಳು.

“ಅಲ್ಲ ಕಣಮ್ಮಾ, ಹೋದ ಮಾರ್ಚಿಂದು. ಮುಟ್ಟಬೇಡ!”

ಒಂದೇ ವಾರದಲ್ಲಿ ಇದು ಮೂರನೇ ಸಲ. ಮೊದಲು ಇಸೆರ್ನಿಯಾ ಪಟ್ಟಣದ ದಪ್ಪ ವಕೀಲನೊಬ್ಬ ಕುರಿಮರಿಗಳ ಕೊಟ್ಟಿಗೆಯಲ್ಲಿ ಸಿಕ್ಕಿಬಿದ್ದಿದ್ದ. ಆಮೇಲೆ ಚರ್ಚಿನ ಹಾಡಿನ ಮೇಳದವರು ಹನ್ನೊಂದು ಜನ. ಎಲ್ಲರದ್ದೂ ಒಂದೇ ಮಾತು: ಬಾಣದ ಗುರುತು ಇತ್ತ ಕಡೆಗೇ ತೋರಿಸುತ್ತಿತ್ತು.

ಬಾಣ ಎಲ್ಲಿದೆ ಎಂದು ಹುಡುಕಿಕೊಂಡು ನಿಕಾಂದ್ರೋ ಹಳೇ ಕುರಿದಾರಿಯಲ್ಲಿ ನಡೆದ. ಆ ದಾರಿ ಅವನ ಹುಲ್ಲುಗಾವಲನ್ನು ಹಾದು, ರೋಮನ್ನರ ಮುರಿದ ಹೆಬ್ಬಾಗಿಲಿನೊಳಗೆ ನುಗ್ಗಿ, ಬಯಲು ನಾಟಕಶಾಲೆಯನ್ನು ಬಳಸಿಕೊಂಡು ಬೆಟ್ಟ ಹತ್ತುತ್ತದೆ. ಹೆಬ್ಬಾಗಿಲಿನ ನೆರಳಿನಲ್ಲಿ ಅವನದೊಂದು ಓಕ್ ಮರದ ಕೊರಡು ಇತ್ತು. ಇಪ್ಪತ್ತು ವರ್ಷದಿಂದ ಅದರ ಮೇಲೆ ಕೂತೇ ಅವನು ಕುರಿ ಕಾಯುತ್ತಿದ್ದ. ಬಿಸಿಲು ಸರಿದಂತೆ ಅದನ್ನು ಉರುಳಿಸಿಕೊಂಡು ನೆರಳಿಗೆ ಹೋಗುತ್ತಿದ್ದ.

ಆ ಕೊರಡಿನ ಹಿಂಬದಿಗೆ, ಕೂತವನಿಗೆ ಕಾಣದ ಕಡೆ, ಹೊಚ್ಚಹೊಸ ಬಣ್ಣ! ಒಂದು ಕೆಂಪು ಪಟ್ಟೆ, ಒಂದು ಬಿಳಿ ಪಟ್ಟೆ, ನಡುವೆ ಬಾಣ.

ಬಾಣ ಬೆಳಿಗ್ಗೆ ಬೆಟ್ಟ ತೋರಿಸುತ್ತಿತ್ತು. ಮಧ್ಯಾಹ್ನ ಕೊಟ್ಟಿಗೆ. ಸಂಜೆಗೆ ಚೀಸ್ ಕೋಣೆ.

“ಲೊರೇಟಾ!” ಎಂದು ನಿಕಾಂದ್ರೋ ಗುಡುಗಿದ. ಕುರಿಗಳು ಮೇಯುವುದನ್ನು ಬಿಟ್ಟು ತಲೆಯೆತ್ತಿದವು.

ಲೊರೇಟಾ ಊರಿನ ಔಷಧಿ ಅಂಗಡಿಯವಳು, ಚಾರಣದ ಸಂಘದ ಕಾರ್ಯದರ್ಶಿಯೂ ಹೌದು; ಹೊಸ ದಾರಿಗೆ ಗುರುತು ಬಳಿಯುತ್ತಿದ್ದವಳು ಅವಳೇ. ನಲವತ್ತನಾಲ್ಕು ವರ್ಷ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್. ಎರಡು ವರ್ಷದ ಹಿಂದೆ ಪಟ್ಟಣ ಬಿಟ್ಟು ಸೋದರತ್ತೆ ಕೊನ್ಚೆತ್ತಾಳ ಮನೆಗೆ ಬಂದು ನೆಲೆಸಿದ್ದಳು. ಅಂದಿನಿಂದ ನಿಕಾಂದ್ರೋ ಪ್ರತಿ ಮಂಗಳವಾರ ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಅವಳ ಹತ್ತಿರ ಬಿಪಿ ನೋಡಿಸಿಕೊಳ್ಳಲು ಹೋಗುತ್ತಿದ್ದ. ಅವಳು ಅವನ ತೋಳಿಗೆ ಪಟ್ಟಿ ಸುತ್ತಿ, ಮುಳ್ಳು ನೋಡಿ, ಹುಬ್ಬು ಗಂಟಿಕ್ಕುತ್ತಿದ್ದಳು. “ನೂರ ಎಪ್ಪತ್ತು! ಉಪ್ಪು ಬಿಡಿ ಅಂದಿದ್ದೆನಲ್ಲ?”

ಅವನು ಉಪ್ಪು ಬಿಟ್ಟು ಎರಡು ವರ್ಷವಾಗಿತ್ತು. ಬೇರೇನೂ ಹೇಳುವ ಧೈರ್ಯ ಬಂದಿರಲಿಲ್ಲ.

ಆದರೆ ಕೋಪಕ್ಕೆ ಧೈರ್ಯ ಬೇಕಿಲ್ಲ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಕೊರಡನ್ನು ಟ್ರಾಕ್ಟರಿಗೆ ಹೇರಿ, ಊರಿಗೆ ಹೋಗಿ, ಲೊರೇಟಾಳ ಮನೆಯ ಹೊಸ್ತಿಲಿನ ಮುಂದೆ ದೊಪ್ಪನೆ ಇಳಿಸಿದ. “ತಗೋ ನಿನ್ನ ಬಾಣ!” ಎಂದು ಮುಚ್ಚಿದ ಬಾಗಿಲಿಗೆ ಹೇಳಿ ಹೊರಟುಬಂದ.

ಹತ್ತು ಗಂಟೆಗೆ ಅವನು ಕಾಫಿ ಕುಡಿಯಲು ಬಾರಿಗೆ ಹೋದಾಗ ಬಾರಿನ ಯಜಮಾನ ಎವರಿಸ್ಟೋ ಕಾಫಿ ಕೊಡಲಿಲ್ಲ, ವೈನ್ ಸುರಿದ. ಇಸ್ಪೀಟು ಆಡುತ್ತಿದ್ದ ನಾಲ್ವರೂ ಎದ್ದು ನಿಂತರು.

“ಅಂತೂ ಇಟ್ಟೆಯಲ್ಲೋ ಕಳ್ಳ!”

“ಏನನ್ನ?”

“ಕೊರಡು ಕಣೋ! ನಿಮ್ಮಪ್ಪ ನಿಮ್ಮಮ್ಮನ ಬಾಗಿಲಿಗೆ ಇಟ್ಟಮೇಲೆ ಈ ಊರಲ್ಲಿ ಇನ್ನೊಬ್ಬ ಇಟ್ಟಿರಲಿಲ್ಲ. ಅದೂ ಬಣ್ಣ ಬಳಿದು!”

ನಿಕಾಂದ್ರೋನ ಗ್ಲಾಸು ಬಾಯಿಯ ಹತ್ತಿರವೇ ನಿಂತಿತು. ಅಯ್ಯೋ ದೇವರೇ. ಹುಡುಗಿಯ ಬಾಗಿಲಿಗೆ ಬೆಳಗಿನ ಜಾವ ಓಕ್ ಕೊರಡು ಇಟ್ಟರೆ ‘ನನ್ನ ಮದುವೆ ಆಗ್ತೀಯಾ’ ಎಂದರ್ಥ. ಒಳಗೆ ತೆಗೆದುಕೊಂಡರೆ ಒಪ್ಪಿಗೆ. ಮನಸ್ಸು ಬದಲಾದರೆ ಭಾನುವಾರ ಸಂಜೆ ಚರ್ಚಿನ ಗಂಟೆ ಬಾರಿಸುವುದರೊಳಗೆ ಅದನ್ನು ಬೀದಿಗೆ ಉರುಳಿಸಬೇಕು. ಇದನ್ನು ಅಮ್ಮ ನೂರು ಸಲ ಹೇಳಿದ್ದಳು; ಕೋಪದಲ್ಲಿ ಮರೆತೇಹೋಗಿತ್ತು.

“ಒಳಗೆ... ತಗೊಂಡರಾ?”

“ಕೊನ್ಚೆತ್ತಜ್ಜಿ ಆರು ಗಂಟೆಗೇ ಉರುಳಿಸಿಕೊಂಡು ಹೋದಳು. ಎಂಬತ್ತಾರು ವರ್ಷದ ಮುದುಕಿ, ಒಬ್ಬಳೇ!”

ಅವನು ಓಡಿದ. ಕೊನ್ಚೆತ್ತಾ ಒಲೆಯ ಪಕ್ಕ ಕೊರಡಿನ ಮೇಲೆಯೇ ಕೂತು ಬೀನ್ಸ್ ಸುಲಿಯುತ್ತಿದ್ದಳು.

“ಅಜ್ಜಿ, ಅದು ಹಾಗಲ್ಲ, ನಾನು ಕೋಪದಲ್ಲಿ...”

“ಎರಡು ವರ್ಷ ಬೇಕಾಯ್ತಲ್ಲೋ ಕೋಣ ನಿನಗೆ! ಪ್ರತಿ ಮಂಗಳವಾರ ಅಂಗಿ ಇಸ್ತ್ರಿ ಮಾಡ್ಕೊಂಡು ಬರ್ತಿದ್ದದ್ದು ಬಿಪಿ ನೋಡಿಸೋಕಾ? ನನಗೆ ಕಣ್ಣು ಮಂಜು ಅಷ್ಟೇ, ಕುರುಡಿಯಲ್ಲ.”

“ಲೊರೇಟಾ ಏನಂದಳು?”

“ಅದನ್ನೇ ನೋಡುತ್ತಾ ಕಾಫಿ ಕುಡಿದಳು. ಎರಡು ಲೋಟ.”

ಆ ಮಂಗಳವಾರ ನಿಕಾಂದ್ರೋ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕೋಪದಲ್ಲಿ ಇಟ್ಟದ್ದು ಎಂದರೆ ಊರ ಮುಂದೆ ಅವಳ ಮರ್ಯಾದೆ ಹೋಗುತ್ತದೆ. ಸುಮ್ಮನಿದ್ದರೆ ಸುಳ್ಳಿನ ಮೇಲೆ ಮದುವೆ. ಎರಡಕ್ಕಿಂತಲೂ ಭಯದ್ದು ಇನ್ನೊಂದಿತ್ತು. ಅವಳೇ ಕೊರಡು ಉರುಳಿಸಿಬಿಟ್ಟರೆ?

ಭಾನುವಾರ ಹೊಸ ಚಾರಣದ ದಾರಿಯ ಉದ್ಘಾಟನೆ. ಅರ್ಧ ಊರೇ ಬಂತು. ನಡೆಯಲಿಕ್ಕಲ್ಲ, ನೋಡಲಿಕ್ಕೆ. ನಿಕಾಂದ್ರೋ ತನ್ನ ಬೇಲಿಯ ಗೇಟು ತೆಗೆದು ಪಕ್ಕಕ್ಕೆ ನಿಂತ. ಲೊರೇಟಾ ಎಲ್ಲರಿಗಿಂತ ಮುಂದಿದ್ದಳು. ತಲೆಗೆ ಹುಲ್ಲಿನ ಟೋಪಿ, ಕೈಯಲ್ಲಿ ಬಣ್ಣದ ಡಬ್ಬಿ, ಕಿವಿಯ ಹಿಂದೆ ಪೆನ್ಸಿಲ್, ಮೂಗಿನ ಮೇಲೆ ಒಂದು ಚಿಕ್ಕ ಕೆಂಪು ಬಣ್ಣದ ಚುಕ್ಕೆ. ಆ ಚುಕ್ಕೆಯನ್ನು ಒರೆಸಲು ಅವನ ಹೆಬ್ಬೆರಳು ತಾನಾಗಿಯೇ ಎದ್ದಿತು. ಅವನು ಅದನ್ನು ಜೇಬಿಗೆ ತುರುಕಿದ.

“ಮಂಗಳವಾರ ಬರಲಿಲ್ಲ ನೀವು,” ಎಂದಳು.

“ಉಣ್ಣೆ ಕತ್ತರಿಸೋದಿತ್ತು.”

“ಕೊರಡು ಹೊರೋಕೆ ಮಾತ್ರ ಪುರುಸೊತ್ತಿತ್ತಾ?”

ಇಬ್ಬರೂ ಜೊತೆಯಾಗಿ ನಡೆದರು. ದಾರಿಯ ಎರಡೂ ಬದಿ ಹಳದಿ ಹೂ ಬಿರಿದು ಜೇನಿನ ವಾಸನೆ ಬರುತ್ತಿತ್ತು. ಹೆಬ್ಬಾಗಿಲು ದಾಟಿದರು. ಹಿಂದಿನವರು ಸುಸ್ತಾಯಿತೆಂದು ನಾಟಕಶಾಲೆಯ ಕಲ್ಲಿನ ಮೆಟ್ಟಿಲುಗಳ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದರು. ಅವರ ನಡುವೆ ಅವನ ಕುರಿಗಳೂ ಸಾಲಾಗಿ ಮಲಗಿ ಮೆಲುಕು ಹಾಕುತ್ತಿದ್ದವು. ಅವನೂ ಅವಳೂ ಕೆಳಗೆ, ರಂಗದ ನಟ್ಟನಡುವಿನ ಕಲ್ಲುಚಪ್ಪಡಿಯ ಮೇಲೆ ನಿಂತರು.

“ಒಂದು ಸತ್ಯ ಹೇಳಬೇಕು,” ಎಂದ ನಿಕಾಂದ್ರೋ ದನಿ ತಗ್ಗಿಸಿ. “ನಾನು ಕೊರಡು ಇಟ್ಟದ್ದು ಕೋಪಕ್ಕೆ. ನೀವು ಬೇರಿರೋ ಬೊಡ್ಡೆ ಅಂದುಕೊಂಡು ನನ್ನ ಕೂರೋ ಕೊರಡಿಗೆ ಬಾಣ ಬರೆದಿರಿ. ಜನ ನನ್ನ ಚೀಸ್ ಕೋಣೆಗೆ ಬಂದರು.”

ಲೊರೇಟಾ ಮೊದಲು ನಕ್ಕಳು. ಆಮೇಲೆ ನಗು ಮೆಲ್ಲಗೆ ಆರಿತು. ಟೋಪಿಯ ಅಂಚನ್ನು ಕೆಳಗೆಳೆದುಕೊಂಡಳು.

“ಅಷ್ಟೇನಾ? ಸರಿ ಹಾಗಾದ್ರೆ. ಗಂಟೆ ಬಾರಿಸೋದ್ರೊಳಗೆ ಉರುಳಿಸಿಬಿಡ್ತೀನಿ.” ಎರಡು ಹೆಜ್ಜೆ ಹೊರಟೂಬಿಟ್ಟಳು.

“ನಿಂತ್ಕೊಳ್ಳಿ! ಪೂರ್ತಿ ಕೇಳಿಸ್ಕೊಳ್ಳದೆ ಹೋಗೋದು ಎಂಥಾ ಬುದ್ಧಿ?” ಅವನ ಕಿವಿ ಕೆಂಪಾಯಿತು. “ನನ್ನ ತಂಗಿ ಒಂದು ಬಿಪಿ ಮಶೀನ್ ಕಳಿಸಿದಾಳೆ. ಮನೇಲಿ ನೋಡಿದರೆ ನೂರ ಮೂವತ್ತು. ಹೊಲದಲ್ಲಿ ನೂರ ಮೂವತ್ತು. ಟಗರಿನ ಜೊತೆ ಗುದ್ದಾಡಿ ಬಂದರೂ ನೂರ ಮೂವತ್ತೈದು. ನಿಮ್ಮ ಅಂಗಡೀಲಿ ನೀವು ತೋಳು ಹಿಡಿದರೆ ನೂರ ಎಪ್ಪತ್ತು! ಎರಡು ವರ್ಷ ಸಪ್ಪೆ ತಿಂದೆ ನಾನು. ಅದು ಉಪ್ಪಿನ ತಪ್ಪಲ್ಲ.”

“ಮತ್ತೆ ಯಾರ ತಪ್ಪೋ?” ಮೇಲಿನ ಮೆಟ್ಟಿಲಿನಿಂದ ಎವರಿಸ್ಟೋನ ಕೂಗು ಬಂತು.

ನಿಕಾಂದ್ರೋ ಬೆಚ್ಚಿ ತಲೆಯೆತ್ತಿದ. ಆ ಚಪ್ಪಡಿಯ ಮೇಲೆ ನಿಂತು ಪಿಸುಗುಟ್ಟಿದರೂ ಕೊನೆಯ ಮೆಟ್ಟಿಲಿಗೆ ಕೇಳುತ್ತದೆ. ಅವನೇ ದಿನವೂ ಅಲ್ಲಿ ನಿಂತು ಮೇಲಿನ ಕುರಿಗಳನ್ನು ಬೈಯುತ್ತಿದ್ದ. ಅರ್ಧ ಊರು ರೊಟ್ಟಿ ಅಗಿಯುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು.

ಇನ್ನು ಮುಚ್ಚಿಡಲು ಏನಿದೆ?

“ಇವಳದೇ ತಪ್ಪು!” ಎಂದು ಬೆಟ್ಟಕ್ಕೆ ಕೇಳುವಂತೆ ಕೂಗಿದ. “ಕೊರಡು ಕೋಪದಲ್ಲೇ ಇಟ್ಟೆ. ಆದರೆ ವಾಪಸ್ ತಗೊಳ್ಳೋಲ್ಲ! ಏನು ಮಾಡ್ಕೊಳ್ತೀರೋ ಮಾಡ್ಕೊಳ್ಳಿ!”

ಒಂದು ಕುರಿ ಬ್ಯಾ ಎಂದಿತು. ಜನ ಚಪ್ಪಾಳೆ ತಟ್ಟಿದರು.

ಲೊರೇಟಾ ಹತ್ತಿರ ಬಂದು ಅವನ ಮಣಿಕಟ್ಟು ಹಿಡಿದು, ಕೈಗಡಿಯಾರ ನೋಡುತ್ತಾ ನಾಡಿ ಎಣಿಸಿದಳು. ಅವಳ ಬೆರಳು ತಣ್ಣಗಿತ್ತು.

“ನೂರ ಹದಿನೆಂಟು,” ಎಂದಳು.

“ಮಾತ್ರೆ ಬೇಕಾ?”

“ನನ್ನ ನಾಡಿನೂ ಅಷ್ಟೇ ಓಡ್ತಿದೆ. ನನಗೆ ಯಾರು ಮಾತ್ರೆ ಕೊಡ್ತಾರೆ?” ಓರೆಗಣ್ಣಿನಿಂದ ಒಮ್ಮೆ ನೋಡಿ, ಬಣ್ಣದ ಡಬ್ಬಿ ಎತ್ತಿಕೊಂಡು ಬೆಟ್ಟ ಹತ್ತಿಯೇಬಿಟ್ಟಳು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ.

ಸಂಜೆ ಬೀದಿಯವರೆಲ್ಲ ಕುರ್ಚಿ ತಂದು ಬಾಗಿಲ ಮುಂದೆ ಹಾಕಿಕೊಂಡು ಕೂತಿದ್ದರು. ನಿಕಾಂದ್ರೋ ಇಸ್ತ್ರಿ ಅಂಗಿ ತೊಟ್ಟು ಲೊರೇಟಾಳ ಹೊಸ್ತಿಲಿನ ಎದುರು ನಿಂತ. ಒಳಗೆ ಏನೋ ಉರುಳಿದ ಸದ್ದಾಯಿತು. ಸದ್ದು ನಿಂತಿತು. ಗಂಟೆ ಬಡಿಯತೊಡಗಿತು. ಒಂದು, ಎರಡು... ಕೊನೆಯದೂ ಬಡಿದು ಗಾಳಿಯಲ್ಲಿ ಕರಗಿತು.

ಬಾಗಿಲು ತೆರೆಯಿತು. ಲೊರೇಟಾಳ ಕೈ ಖಾಲಿಯಿತ್ತು. ಮೂಗಿನ ಮೇಲೆ ಆ ಕೆಂಪು ಚುಕ್ಕೆ ಇನ್ನೂ ಇತ್ತು. ಈ ಸಲ ಅವನು ಹೆಬ್ಬೆರಳನ್ನು ತಡೆಯಲಿಲ್ಲ. ಬೀದಿಯಲ್ಲಿ ಯಾರೋ ಶಿಳ್ಳೆ ಹಾಕಿದರು.

“ಕೊರಡು ನೀನು ಇಟ್ಕೊಂಡೆ. ನಾನಿನ್ನು ಎಲ್ಲಿ ಕೂತ್ಕೊಳ್ಳಲಿ?” ಎಂದ.

“ಬಾಣ ನೋಡು.”

ಅವನು ಒಳಗೆ ಇಣುಕಿದ. ಕೊನ್ಚೆತ್ತಾ ಕೊರಡನ್ನು ತಿರುಗಿಸಿ ಇಟ್ಟಿದ್ದಳು. ಬಾಣ ನೇರವಾಗಿ ಊಟದ ಮೇಜಿನತ್ತ ತೋರಿಸುತ್ತಿತ್ತು. ಮೇಜಿನ ಮೇಲೆ ಮೂರು ತಟ್ಟೆ, ಹಬೆಯಾಡುವ ಬೀನ್ಸ್ ಸಾರು.

“ಬಾ, ಆರಿಹೋಗುತ್ತೆ,” ಎಂದಳು ಲೊರೇಟಾ. “ಉಪ್ಪು ಹಾಕಿದೀನಿ.”