ಮೇಜು ಹೊತ್ತ ನೀರುನಾಯಿ

“ಪ್ರೂಫ್ ನೋಡಿದ್ರಾ ಮೇಡಂ?”

“ನೋಡ್ದೆ. ಏಳನೇ ಪುಟದಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿದೆ.”

“ಮತ್ತೇನೂ ಕಾಣ್ಲಿಲ್ವಾ?”

“ಇಲ್ಲ. ಬೇರೆಲ್ಲ ಸರಿ ಇದೆ.”

ಆ ಕಡೆಯಿಂದ “ಸರಿ, ಹಾಕ್ತೀನಿ” ಎಂದು ಪೂರ್ಣೇಶ್ ಫೋನ್ ಇಡುತ್ತಿದ್ದ. ಹನ್ನೊಂದು ಪುಸ್ತಕಕ್ಕೂ ಹೀಗೇ ಆಯಿತು. ನನ್ನಂಥ ದಡ್ಡಿ ನಮ್ಮ ಸಾಗರ ಪೇಟೆಯಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಅದು ನನಗೆ ಗೊತ್ತಾಗಿದ್ದು ಕಳೆದ ತಿಂಗಳು, ಒಂದು ಗುರುವಾರ.

ನಾನು ಮೂಕಾಂಬಿಕಾ, ಮಕ್ಕಳಿಗೆ ಪದ್ಯ ಬರೆಯುವವಳು. ಬರೆಯುವುದು ಅಣ್ಣನ ಮನೆಯ ಊಟದ ಮೇಜಿನ ಮೇಲೆ. ಬೆಳಿಗ್ಗೆ ತಿಂಡಿ ಆದಮೇಲೆ ಮೇಜು ಒರೆಸಿ ಕೂತರೆ ಹನ್ನೆರಡಕ್ಕೆ ಅತ್ತಿಗೆ ಸೌಜನ್ಯಾ ಅನ್ನದ ಪಾತ್ರೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ. “ಅಂಬಿ, ಇನ್ನೊಂದು ಸಾಲು ಇದ್ರೆ ಮುಗಿಸ್ಕೊ, ನಾ ಕಾಯ್ತೀನಿ” ಅನ್ನುತ್ತಾರೆ. ಬೈದಿದ್ದರಾದರೂ ಬಾಯಿ ಮಾಡಬಹುದಿತ್ತು. ಕಾಯುತ್ತಾರೆ, ಅದೇ ಕಷ್ಟ. ನಾನು ಹಾಳೆ ಎತ್ತಿಬಿಡುತ್ತೇನೆ. ಮೇಜಿನ ಎದುರಿಗೆ ನೀಲಿ ಬಣ್ಣದ ಕಿಟಕಿ ಇದೆ. ಮಂಗಗಳ ಕಾಟಕ್ಕೆ ಅಣ್ಣ ಅದಕ್ಕೆ ಕಬ್ಬಿಣದ ಜಾಲರಿ ಹೊಡೆಸಿದ್ದಾನೆ. ಮಂಗ ಒಳಗೆ ಬರುವುದು ನಿಂತಿದೆ. ಒಳಗೆ ಇರುವವಳ ವಿಚಾರ ಯಾರೂ ಕೇಳಿಲ್ಲ.

ಬರೆಯಬೇಕಾದ ವಿಷಯ ಪ್ರಕಾಶಕರಾದ ಮುಕುಂದಯ್ಯನವರದು. ಹಲ್ಲುಜ್ಜುವುದು, ಉಗುರು ಕತ್ತರಿಸುವುದು, ಸಾಲಿನಲ್ಲಿ ನಿಲ್ಲುವುದು. ಕೊನೆಯ ಎರಡು ಸಾಲಿನಲ್ಲಿ ನೀತಿ ಇರಲೇಬೇಕು. ನಾನು ಡಬ್ಬಿಯ ಮುಚ್ಚಳದ ಮೇಲೆ ಬೆರಳು ಬಡಿದು ಮಾತ್ರೆ ಲೆಕ್ಕ ಹಾಕಿ, ಕುಣಿಯುವ ಹಾಗೆ ಆರು ಸಾಲು ಕಟ್ಟಿರುತ್ತೇನೆ. ಏಳು ಎಂಟನೆಯ ಸಾಲಿಗೆ ಪದ್ಯ ಕೈಕಟ್ಟಿ ನಿಂತುಬಿಡುತ್ತದೆ. ಅದಕ್ಕೇ ಅಚ್ಚಾಗಿ ಬಂದ ನನ್ನ ಪುಸ್ತಕವನ್ನು ನಾನು ತೆರೆಯುವುದೇ ಇಲ್ಲ. ಕಟ್ಟು ಬಿಚ್ಚದೆ ಮಂಚದ ಕೆಳಗೆ ತಳ್ಳುತ್ತೇನೆ. ಪ್ರೂಫ್ ನೋಡುವಾಗಲೂ ಅಕ್ಷರ ಮಾತ್ರ ನೋಡುತ್ತೇನೆ. ಚಿತ್ರದ ಮೇಲೆ ಕಣ್ಣು ಹಾಯಿಸುವ ಅಭ್ಯಾಸವೇ ಇಲ್ಲ.

ಆ ಚಿತ್ರ ಬರೆಯುವವನು ತೀರ್ಥಹಳ್ಳಿಯ ಪೂರ್ಣೇಶ್. ಎದುರಿಗೆ ‘ನೀವು’, ಮನಸ್ಸಿನಲ್ಲಿ ‘ಅವನು’. ನಾವು ಮುಖಾಮುಖಿ ಸಿಕ್ಕಿದ್ದು ಒಂದೇ ಸಲ, ನಮ್ಮ ಮೊದಲ ಪುಸ್ತಕಕ್ಕೂ ಮುಂಚೆ, ತೀರ್ಥಹಳ್ಳಿಯ ಮಕ್ಕಳ ಕಮ್ಮಟದಲ್ಲಿ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ. ಬೆರಳ ತುದಿಯಲ್ಲಿ ಹಸಿರು ಬಣ್ಣ ಮೆತ್ತಿತ್ತು.

“ನಿಮಗೆ ನಿಜವಾಗ್ಲೂ ಯಾವುದರ ಬಗ್ಗೆ ಬರೀಬೇಕು ಅಂತ ಆಸೆ?” ಎಂದು ಕೇಳಿದ. ಹಾಗೆ ಯಾರೂ ಕೇಳಿರಲಿಲ್ಲ.

“ನೀರುನಾಯಿ. ಮುಕುಂದಯ್ಯನೋರು ಬಿಡಲ್ಲ. ಅದರಿಂದ ಮಕ್ಳು ಏನು ಕಲೀತಾವೆ ಅಂತಾರೆ.”

“ಮತ್ತೆ?”

“ಮತ್ತೆ... ನಂದೇ ಒಂದು ಮೇಜು. ಊಟದ ಹೊತ್ತಿಗೆ ಖಾಲಿ ಮಾಡದೇ ಇರೋ ಅಂಥದ್ದು.”

ಅವನು ನಗಲಿಲ್ಲ. ನನ್ನ ಮುಖವನ್ನೇ ನೋಡಿದ. ನಾನು ತಟ್ಟೆ ನೋಡಿದೆ. “ನೀವು ಬರೀದಿದ್ರೆ ಬಿಡಿ, ನಾನು ಬಿಡಿಸ್ತೀನಿ” ಅಂದ. ತಮಾಷೆ ಅಂದುಕೊಂಡೆ. ಆದರೆ ಆ ನೋಟ ಬಸ್ಸಿನಲ್ಲಿ ಸಾಗರದವರೆಗೂ ನನ್ನ ಜೊತೆ ಬಂತು. ಆಮೇಲೆ ಫೋನಿನಲ್ಲಿ ಕಿಟಕಿ, ಜಾಲರಿ, ಅತ್ತಿಗೆ ಕಾಯುವುದು ಎಲ್ಲ ಅವನಿಗೆ ಹೇಳುತ್ತಿದ್ದೆ. ಹೇಳಬೇಕಾದದ್ದು ಮಾತ್ರ ಹೇಳಲಿಲ್ಲ. ಅವನೂ ಹೇಳಲಿಲ್ಲ, ಅಂದುಕೊಂಡಿದ್ದೆ.

ಅಷ್ಟರಲ್ಲಿ ಅಣ್ಣ ಕಾಂತರಾಜ್ ಶಿವಮೊಗ್ಗದ ಸಂಬಂಧ ತಂದ. ಹುಡುಗನ ಹೆಸರು ಸಚಿನ್, ಒಳ್ಳೆಯವನೇ. “ಬರೆಯೋದು ಒಳ್ಳೇ ಹವ್ಯಾಸ, ಟೈಮ್ ಸಿಕ್ಕಾಗ ಬರೀಬಹುದು” ಅಂದ. ಮೂವತ್ತಮೂರಕ್ಕೆ ಬೇಡ ಅನ್ನಲು ನನ್ನ ಹತ್ತಿರ ಕಾರಣವೇ ಇರಲಿಲ್ಲ. ನಿಶ್ಚಿತಾರ್ಥ ಭಾನುವಾರ ಎಂದಾಯಿತು.

ಆ ಗುರುವಾರ ಬೆಳಿಗ್ಗೆ ಹೊಸನಗರದ ಒಂದು ಶಾಲೆಯಲ್ಲಿ ಪದ್ಯ ಓದಲು ಹೊರಟಿದ್ದೆ. ಬಸ್ಸಿನಲ್ಲಿದ್ದಾಗ ಪೂರ್ಣೇಶ್ ಫೋನ್ ಮಾಡಿದ.

“ಹನ್ನೆರಡನೇದರ ಪ್ರೂಫ್ ಕಳ್ಸಿದೀನಿ. ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗುತ್ತೆ. ನನ್ನ ಕಡೆಯಿಂದ ಇದೇ ಕೊನೇದು.”

“ಯಾಕೆ?”

“ಮುಕುಂದಯ್ಯನೋರು ಭಾನುವಾರದ ವಿಷಯ ಹೇಳಿದ್ರು. ಒಳ್ಳೇದಾಗ್ಲಿ ಮೇಡಂ.”

ಮತ್ತೇನೂ ಕಾಣ್ಲಿಲ್ವಾ ಎಂದು ಅವತ್ತು ಅವನು ಕೇಳಲಿಲ್ಲ. ‘ಥ್ಯಾಂಕ್ಸ್’ ಅಂದೆ. ಬೇರೆ ಪದ ಬಾಯಿಗೆ ಬರಲಿಲ್ಲ, ನೋಡಿ, ಪದ್ಯ ಬರೆಯುವವಳಿಗೆ.

ಶಾಲೆಯಲ್ಲಿ ಹಲ್ಲುಜ್ಜುವ ಪದ್ಯ ಓದಿದೆ. ಮಕ್ಕಳು ಕೇಳುತ್ತಿರಲಿಲ್ಲ. ಎಲ್ಲರ ತಲೆ ಪುಸ್ತಕದ ಒಂದು ಮೂಲೆಗೇ ಬಗ್ಗಿತ್ತು. ಮೂರನೇ ಕ್ಲಾಸಿನ ಕವನಾ ಎಂಬ ಹುಡುಗಿ ಎದ್ದು ನಿಂತಳು.

“ಮಿಸ್, ಈ ನೀರುನಾಯಿ ಮೇಜು ಹೊತ್ಕೊಂಡು ಯಾರ ಮನೆಗೆ ಹೋಗ್ತಿದೆ?”

“ಯಾವ ನೀರುನಾಯಿ?”

ಇಡೀ ಕ್ಲಾಸು ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿತು. ಕವನಾ ಬೀರುವಿನಿಂದ ಹನ್ನೊಂದೂ ಪುಸ್ತಕ ತಂದು ನೆಲದ ಮೇಲೆ ಸಾಲಾಗಿ ಬಿಡಿಸಿಟ್ಟಳು. ನಾನು ಮಂಡಿಯೂರಿ ಕೂತೆ.

ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ, ನನ್ನ ನೀತಿಯ ಸಾಲಿನ ಪಕ್ಕದಲ್ಲೇ, ಹೆಬ್ಬೆರಳಷ್ಟು ನೀರುನಾಯಿ. ತಲೆಯ ಮೇಲೆ ನಾಲ್ಕು ಕಾಲಿನ ಪುಟ್ಟ ಮೇಜು. ಒಂದನೆಯದರಲ್ಲಿ ತೀರ್ಥಹಳ್ಳಿಯ ತುಂಗೆಯ ಬಂಡೆಯ ಮೇಲೆ ನಿಂತಿದೆ. ಎರಡರಲ್ಲಿ ಕವಲೇದುರ್ಗದ ಕೆಳಗಿನ ಗದ್ದೆಯ ಅಂಚಿನಲ್ಲಿ ನಡೆಯುತ್ತಿದೆ. ಐದರಲ್ಲಿ ಹೊಸನಗರದ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದೆ, ಆಗಲೂ ಮೇಜು ಇಳಿಸಿಲ್ಲ. ಹನ್ನೊಂದರಲ್ಲಿ ಸಾಗರ. ಜಾಲರಿ ಹೊಡೆದ ನೀಲಿ ಕಿಟಕಿಯ ಕೆಳಗೆ ನಿಂತು ಮೇಲೆ ನೋಡುತ್ತಿದೆ.

“ಒಳಗೆ ಇರೋರಿಗೆ ಕಿವಿ ಕೇಳಲ್ಲ ಅನ್ಸುತ್ತೆ” ಎಂದಳು ಕವನಾ.

“ಕಣ್ಣೂ ಕಾಣಲ್ಲ ಕಣೇ” ಅಂದೆ. ಕಣ್ಣು ತುಂಬಿ ಬಂತು. ಒಂದೂವರೆ ವರ್ಷ ಒಬ್ಬ ಮನುಷ್ಯ ನನ್ನದೇ ಪುಸ್ತಕದಲ್ಲಿ ಕೂತು ನನ್ನನ್ನು ಕರೆದಿದ್ದಾನೆ. ನಾನು ಒತ್ತಕ್ಷರ ಹುಡುಕುತ್ತಿದ್ದೆ.

ಹೊರಗೆ ಬಂದು ಫೋನಿನಲ್ಲಿ ಹನ್ನೆರಡನೆಯ ಪ್ರೂಫ್ ತೆರೆದೆ. ನೀರು ಉಳಿಸುವ ಪದ್ಯ. ಕೊನೆಯ ಪುಟದ ಮೂಲೆಯನ್ನು ಎರಡು ಬೆರಳಿನಿಂದ ಹಿಗ್ಗಿಸಿದೆ. ಮತ್ತೆ ಹೊಸನಗರದ ಬಸ್‌ಸ್ಟ್ಯಾಂಡು. ನೀರುನಾಯಿ ನನಗೆ ಬೆನ್ನು ಹಾಕಿ ತೀರ್ಥಹಳ್ಳಿಯ ಕಡೆ ನಡೆದಿತ್ತು. ಮೇಜು ಇನ್ನೂ ತಲೆಯ ಮೇಲೇ ಇತ್ತು.

ಬಸ್‌ಸ್ಟ್ಯಾಂಡಿಗೆ ನಡೆದೆ. ಅದೇ ಬೆಂಚಿನಲ್ಲಿ ಕೂತು ಟಿಫಿನ್ ಡಬ್ಬಿಯ ಮೇಲೆ ಬೆರಳು ಬಡಿದೆ. ಕೊನೆಯ ನಾಲ್ಕು ಸಾಲು ಹೊಡೆದುಹಾಕಿ ಹೊಸದಾಗಿ ಬರೆದೆ.

ನೀರುನಾಯಿ ನಿಲ್ಲು ನಿಲ್ಲು,
ಕಿಟಕಿ ತೆರೆದೆ ಈಗ;
ತಲೆಯ ಮೇಜು ಇಳಿಸು ಇಲ್ಲಿ,
ಹೊರಡಬೇಡ ಬೇಗ.

ಮೊದಲು ಮುಕುಂದಯ್ಯನವರಿಗೆ ಫೋನಿನಲ್ಲೇ ಓದಿ ಹೇಳಿದೆ.

“ಚೆನ್ನಾಗಿದೆಯಮ್ಮ, ಆದ್ರೆ ನೀತಿ ಎಲ್ಲಿ?”

“ಇಲ್ಲ ಸರ್. ಇದರಲ್ಲಿ ಇಲ್ಲ.”

“ಹಂಗಾದ್ರೆ ಮುಂದಿನ ಪುಸ್ತಕ ಬೇರೆಯೋರ ಹತ್ರ ಬರೆಸ್ಬೇಕಾಗುತ್ತೆ.”

“ಬರೆಸಿ ಸರ್. ಇದೊಂದು ಹೀಗೇ ಹೋಗ್ಲಿ.”

ಅವರು ಗೊಣಗಿದರು, ಒಪ್ಪಿದರು. ಆಮೇಲೆ ಅಣ್ಣನಿಗೆ ಫೋನ್ ಮಾಡಿದೆ.

“ಅಣ್ಣ, ಭಾನುವಾರ ಬೇಡ. ಸಚಿನ್ ಮನೆಯೋರಿಗೆ ಇವತ್ತೇ ಹೇಳ್ಬಿಡು. ನನ್ನ ಮನಸ್ಸಲ್ಲಿ ಬೇರೆಯೋರಿದಾರೆ.”

“ಸಂಜೆ ಮನೆಗೆ ಬಾ, ಮಾತಾಡೋಣ” ಅಂದ.

“ಬರ್ತೀನಿ. ನೀನು ಎಷ್ಟು ಮಾತಾಡಿದ್ರೂ ನಾನು ಹೇಳೋದು ಇದನ್ನೇ.”

ಪುಟದ ಮೇಲೆ ಅಕ್ಷರ ಕೂರಿಸುವವನೂ ಪೂರ್ಣೇಶನೇ. ನಾಲ್ಕು ಸಾಲನ್ನು ಅವನಿಗೆ ಕಳಿಸಿ, ‘ಪದ್ಯ ಬದಲಾಗಿದೆ. ಚಿತ್ರಕ್ಕೆ ಹೊಂದುತ್ತಾ ನೋಡಿ’ ಎಂದು ಬರೆದೆ. ಓದಿದ ಗುರುತಿಗೆ ಎರಡು ನೀಲಿ ಗೆರೆ ಬಿತ್ತು. ಫೋನ್ ಬಂತು.

“ಹೊಂದಲ್ಲ ಮೇಡಂ” ಅಂದ. ದನಿ ಸರಿ ಇರಲಿಲ್ಲ. “ನೀರುನಾಯಿ ಆ ಕಡೆ ತಿರುಗಿಬಿಟ್ಟಿದೆ.”

“ಈ ಕಡೆ ತಿರುಗ್ಸಿ.”

“ಭಾನುವಾರ?”

“ಭಾನುವಾರ ಏನೂ ಇಲ್ಲ. ನಾನು ಹೊಸನಗರದ ಬಸ್‌ಸ್ಟ್ಯಾಂಡಲ್ಲಿ ಇದೀನಿ. ನಿಮ್ಮ ನೀರುನಾಯಿ ಕೂತಿದ್ದ ಬೆಂಚಲ್ಲೇ.”

“ಯಾವಾಗ ನೋಡಿದ್ರಿ?”

“ಇವತ್ತು. ಬೈಬೇಕು ಅಂದ್ರೆ ಇಲ್ಲಿಗೇ ಬಂದು ಬೈರಿ.”

ಸಾಗರಕ್ಕೆ ಹೋಗುವ ಮೂರು ಬಸ್ಸು ಹತ್ತದೆ ಬಿಟ್ಟೆ. ನಾಲ್ಕನೆಯದು ಹೊರಡುವಾಗ ಅವನ ಬೈಕು ಬಂತು. ತಲೆಗೂದಲೆಲ್ಲ ಧೂಳಾಗಿತ್ತು, ಬೆರಳಲ್ಲಿ ಇವತ್ತು ನೀಲಿ ಬಣ್ಣ. ಬೈಯುವವನ ಮುಖ ಅದಾಗಿರಲಿಲ್ಲ. ಎದುರಿಗೆ ನಿಂತ, ಕಮ್ಮಟದಲ್ಲಿ ನೋಡಿದ ಹಾಗೆಯೇ ನೋಡಿದ. ಈ ಸಲ ನಾನೂ ಕಣ್ಣು ತಗ್ಗಿಸಲಿಲ್ಲ.

“ಮೇಜು ಎಲ್ಲಿ?” ಎಂದು ಕೇಳಿದೆ.

“ಮಾಡ್ಸಿಲ್ಲ. ಹಲಗೆ ತಂದಿಟ್ಟಿದೀನಿ. ಎತ್ತರ ಗೊತ್ತಿರ್ಲಿಲ್ಲ.”

“ಕೇಳಬಹುದಿತ್ತಲ್ಲ.”

“ಹನ್ನೊಂದು ಸಲ ಕೇಳಿದೀನಿ.”

ಅವನು ಬೆಂಚಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತ. “ಬರೆಯೋವಾಗ ಹೇಗೆ ಕೂರ್ತೀರಿ, ಹಾಗೆ ಕೂರಿ” ಅಂದ. ನಾನು ಬೆನ್ನು ನೆಟ್ಟಗೆ ಮಾಡಿ, ಇಲ್ಲದ ಮೇಜಿನ ಮೇಲೆ ಮೊಣಕೈ ಊರಿದೆ. ಬಂದು ನಿಂತ ಇನ್ನೊಂದು ಬಸ್ಸಿನ ಕಿಟಕಿಯಿಂದ ಒಬ್ಬರು ಅಜ್ಜಿ ಬಗ್ಗಿ ನೋಡುತ್ತಿದ್ದರು, ನೋಡಲಿ ಅಂದುಕೊಂಡೆ. ಅವನು ನೆಲದಿಂದ ಗೇಣು ಹಾಕುತ್ತ ಬಂದ. ಮೂರು ಗೇಣಿನ ಮೇಲೆ ಎರಡು ಬೆರಳು. ಮೊಣಕೈಗೆ ತಾಗಿದ ಕೈಯನ್ನು ಅವನು ತೆಗೆಯಲಿಲ್ಲ.

“ಮರೆತುಹೋಗುತ್ತೆ, ಬರ್ಕೊಳ್ಳಿ” ಅಂದೆ.

“ಮರೆಯಲ್ಲ” ಅಂದ.